ಮುಕ್ಕಾಲು ಬೀಸಿನ ಮಾನಭಂಗ

ಗಾಲ್ಫ್ ಆಡುವ ಮಧ್ಯವಯಸ್ಸಿನ ಗಂಡಸರಿಗೆ ನೀವು ಏನು ಬೇಕಾದರೂ ಹೇಳಬಹುದು. ಕಂಪನಿಯ ಷೇರು ನೆಲಕಚ್ಚಿದೆ ಎನ್ನಿ, ತಡೆದುಕೊಳ್ಳುತ್ತಾರೆ. ಮಗ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ರೀಲ್ಸ್ ಮಾಡಲು ಹೊರಟಿದ್ದಾನೆ ಎನ್ನಿ, ಎದೆ ಗಟ್ಟಿ ಮಾಡಿಕೊಳ್ಳುತ್ತಾರೆ. ಆದರೆ ‘ಐರನ್ ಹಿಡಿದಾಗ ಪೂರ್ತಿ ಬೀಸಬೇಡಿ, ಮುಕ್ಕಾಲು ಸಾಕು’ ಎಂದು ಮಾತ್ರ ಅಪ್ಪಿತಪ್ಪಿಯೂ ಅನ್ನಬೇಡಿ. ಮುಕ್ಕಾಲು! ಪೂರ್ತಿ ಸಂಬಳ, ಪೂರ್ತಿ ಸದಸ್ಯತ್ವ, ಮೂರೂವರೆ ಸಾವಿರ ಚದರಡಿಯ ಪೂರ್ತಿ ಮನೆ ಇರುವ ಮನುಷ್ಯನಿಗೆ ಮುಕ್ಕಾಲು ಎಂಬ ಭಿನ್ನರಾಶಿಯೇ ಅವಮಾನ.

ಆದರೂ ಈ ಮಾತು ಹೇಳುವವನೊಬ್ಬ ಇದ್ದಾನೆ. ಹೆಗಲಿಗೆ ಚೀಲ ಏರಿಸಿದ ಕ್ಯಾಡಿ. ಸಾಹೇಬರ ಹಿಂದೆ ಹದಿನೆಂಟು ಕುಳಿ ಸುತ್ತಿ ಸುತ್ತಿ, ಅವರ ತೋಳಿನಲ್ಲಿ ಎಷ್ಟಿದೆ, ಬಾಯಲ್ಲಿ ಎಷ್ಟಿದೆ ಎಂಬ ಎರಡೂ ಲೆಕ್ಕ ಅವನಿಗೆ ಬಾಯಿಪಾಠ. ಬೆಂಗಳೂರಿನ ಯಾವ ಗಾಲ್ಫ್ ಮೈದಾನಕ್ಕಾದರೂ ಭಾನುವಾರ ಬೆಳಿಗ್ಗೆ ಹೋಗಿ, ಈ ಸಂಭಾಷಣೆ ಕಿವಿಗೆ ಬೀಳದೆ ಇರದು. ಬಾವುಟಕ್ಕೆ 150 ಗಜ. ಎಡಕ್ಕೆ ನೀರು, ಬಲಕ್ಕೆ ಮರಳಿನ ಬಂಕರ್.

‘ಸಾರ್, ಆರನೇ ನಂಬರ್ ತಗೊಳ್ಳಿ. ಕೈ ಒಂಚೂರು ಕೆಳಗಿಟ್ಕೊಂಡು ಮೆತ್ತಗೆ ಮುಕ್ಕಾಲು ಹೊಡೀರಿ.’

‘ಆರಾ? ಏನಪ್ಪಾ ನೀನು, 150ಕ್ಕೆ ನಾನು ಎಂಟು ಹೊಡೀತೀನಿ.’

‘ಹೌದು ಸಾರ್, ಹೊಡೀತೀರ.’

ಆ ‘ಹೊಡೀತೀರ’ ಎಂಬ ಮಾತಿನ ಧ್ವನಿಯನ್ನು ಅಚ್ಚಿನಲ್ಲಿ ತರಲು ಕನ್ನಡದ ಯಾವ ಲೇಖನ ಚಿಹ್ನೆಯೂ ಸಾಲದು. ಎಂಟನೇ ನಂಬರ್ ಕೈಗೆ ಬರುತ್ತದೆ. ಕೋಲು ಹೆಗಲು ದಾಟಿ, ಕತ್ತು ದಾಟಿ, ಬೆನ್ನ ಹಿಂದೆ ಇಳಿದು ಇನ್ನೊಂದು ಕಿವಿಯ ಪಕ್ಕದಲ್ಲಿ ಇಣುಕುತ್ತದೆ. ಮುಂದಿನ ಕ್ಷಣ ಹುಲ್ಲು ಹಾರುತ್ತದೆ, ಮಣ್ಣು ಹಾರುತ್ತದೆ, ಕೊನೆಗೆ ದಾಕ್ಷಿಣ್ಯಕ್ಕೆಂಬಂತೆ ಚೆಂಡೂ ಹಾರುತ್ತದೆ. ನೀರಿನಲ್ಲಿ ಬುಳುಕ್ ಎನ್ನುತ್ತದೆ. ಸಾಹೇಬರು ಆಕಾಶ ನೋಡಿ ‘ಗಾಳಿ’ ಎನ್ನುತ್ತಾರೆ. ಒಂದೆಲೆಯೂ ಅಲುಗದ ಮರದ ಕೆಳಗೆ ನಿಂತ ಕ್ಯಾಡಿ ‘ಹೌದು ಸಾರ್, ಜೋರು ಗಾಳಿ’ ಎನ್ನುತ್ತಾನೆ. ಟಿಪ್ಸ್ ಕೊಡುವವರು ಸಾಹೇಬರು, ಗಾಳಿಯಲ್ಲ.

ಗಾಲ್ಫ್ ಆಡದವರಿಗಾಗಿ ಇಲ್ಲಿ ನಾಲ್ಕು ಮಾತು. ಆಡುವವರೂ ಓದಬಹುದು, ಅವರು ಮರೆತು ಬಹಳ ದಿನವಾಗಿದೆ. ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇಡುವಂತಿಲ್ಲ ಎಂದು ನಿಯಮ. ಅದರಲ್ಲಿ ಐರನ್ ಎನ್ನುವ ಲೋಹದ ಕೋಲುಗಳಿಗೆ ನಂಬರು ಕೊಟ್ಟಿರುತ್ತಾರೆ. ನಂಬರು ಏರಿದಂತೆ ಕೋಲು ಗಿಡ್ಡವಾಗುತ್ತದೆ, ಅದರ ಮುಖ ಹೆಚ್ಚು ಹಿಂದಕ್ಕೆ ವಾಲುತ್ತದೆ. ಚೆಂಡು ಹೆಚ್ಚು ಎತ್ತರಕ್ಕೆ ಹಾರಿ ಹೆಚ್ಚು ಹತ್ತಿರ ಬೀಳುತ್ತದೆ. ಒಂದು ನಂಬರಿಗೂ ಪಕ್ಕದ ನಂಬರಿಗೂ ಸುಮಾರಾಗಿ ಹತ್ತು ಹನ್ನೆರಡು ಗಜದ ವ್ಯತ್ಯಾಸ. ದೂರದ ಲೆಕ್ಕವನ್ನು ಆಟಗಾರನ ತೋಳಿಗೆ ಬಿಟ್ಟರೆ ಕೆಟ್ಟೀತು ಎಂದು ತಿಳಿದೇ ಅದನ್ನು ಕೋಲಿನೊಳಗೆ ಕೂರಿಸಿದ್ದಾರೆ. ಹತ್ತು ಗಜ ಹೆಚ್ಚು ಬೇಕಾದರೆ ರಟ್ಟೆ ಕಿತ್ತುಕೊಳ್ಳುವುದು ಬೇಡ, ಚೀಲಕ್ಕೆ ಕೈ ಹಾಕಿ ಪಕ್ಕದ ಕೋಲು ಎಳೆದರೆ ಆಯಿತು. ಇಷ್ಟು ಸುಲಭದ ವ್ಯವಸ್ಥೆ ಬೇರಾವ ಆಟದಲ್ಲೂ ಇಲ್ಲ. ಇಷ್ಟು ತಿರಸ್ಕಾರಕ್ಕೆ ಗುರಿಯಾದ ವ್ಯವಸ್ಥೆಯೂ ಇಲ್ಲ.

ಡ್ರೈವರ್ ಎಂಬ ಉದ್ದ ಕೋಲಿನ ವಿಷಯ ಬೇರೆ. ಮೊದಲ ಹೊಡೆತದಲ್ಲಿ ಚೆಂಡು ಎಷ್ಟು ದೂರ ಹೋದರೂ ಒಳ್ಳೆಯದೇ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರರ ಹೊಡೆತಗಳನ್ನೆಲ್ಲ ರಾಶಿ ಹಾಕಿ ಲೆಕ್ಕ ನೋಡಿದರು. ಉದ್ದ ಹೊಡೆಯುವವರಿಗೆ ನಿಜಕ್ಕೂ ಲಾಭವಿದೆ ಎಂದು ತೋರಿಸಿದರು. ನಮ್ಮ ಕ್ಲಬ್ಬುಗಳಲ್ಲಿ ಈ ವಾಕ್ಯ ಎಲ್ಲರಿಗೂ ಗೊತ್ತು. ಅದೇ ಲೆಕ್ಕದ ಮುಂದಿನ ಭಾಗ ಯಾರಿಗೂ ಗೊತ್ತಿಲ್ಲ: ಅಗ್ರ ಆಟಗಾರರ ಮೇಲುಗೈಯಲ್ಲಿ ಅತಿ ದೊಡ್ಡ ಪಾಲು, ಸುಮಾರು ಶೇಕಡ 40, ಬರುವುದು ಗ್ರೀನಿನತ್ತ, ಎಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನತ್ತ, ಹೊಡೆಯುವ ಹೊಡೆತಗಳಿಂದ. ಅಂದರೆ ಹೆಚ್ಚುಪಾಲು ಐರನ್ನುಗಳಿಂದ. ಆ ಹೊಡೆತಕ್ಕೆ ಬೇಕಾದದ್ದು ದೂರವಲ್ಲ, ಇಂತಿಷ್ಟೇ ದೂರ.

ಹೀಗಿದ್ದೂ ನಂಬರಿನ ಮೋಹ ಬಿಡದು. ಊಟದ ಮೇಜಿನಲ್ಲಿ ‘150ಕ್ಕೆ ಏನು ಹೊಡೆದಿರಿ?’ ಎಂದು ಕೇಳುತ್ತಾರೆಯೇ ಹೊರತು ‘ಚೆಂಡು ಎಲ್ಲಿ ಬಿತ್ತು?’ ಎಂದು ಕೇಳುವವರಿಲ್ಲ. ಒಂಬತ್ತು ಎಂದವನು ಗಂಡು, ಎಂಟು ಎಂದವನು ಪರವಾಗಿಲ್ಲ, ಆರು ಎಂದವನ ಹತ್ತಿರ ಯಾರೂ ಕುರ್ಚಿ ಎಳೆದುಕೊಳ್ಳುವುದಿಲ್ಲ.

ಕೋಲು ಮಾಡುವ ಕಂಪನಿಗಳಿಗೆ ಈ ಕಾಯಿಲೆಯ ವಾಸನೆ ಬಹಳ ಹಿಂದೆಯೇ ಹತ್ತಿತು. ಅವರು ಕೈಗೊಂಡ ಚಿಕಿತ್ಸೆಯನ್ನು ನೋಡಿ. ಕೆಲವು ದಶಕಗಳ ಹಿಂದೆ ಏಳನೇ ನಂಬರಿನ ಮುಖ 36 ಡಿಗ್ರಿ, ಇನ್ನೂ ಹಿಂದೆ ಅದಕ್ಕೂ ಹೆಚ್ಚು ವಾಲಿರುತ್ತಿತ್ತು. ಇಂದು ಹವ್ಯಾಸಿಗಳಿಗೆಂದೇ ಮಾಡುವ ಕೆಲವು ಸೆಟ್ಟುಗಳಲ್ಲಿ ಅದೇ ಏಳನೇ ನಂಬರು 30 ಡಿಗ್ರಿಗಿಂತ ಕಡಿಮೆ. ಅಂದರೆ ಅಪ್ಪನ ಐದನೇ ನಂಬರಿನ ತಲೆಯ ಮೇಲೆ ಮಗನಿಗಾಗಿ 7 ಎಂದು ಕೊರೆದು ಕೊಟ್ಟಿದ್ದಾರೆ. ಪೂರಾ ಮೋಸ ಎನ್ನುವಂತಿಲ್ಲ. ಈಗಿನ ಕೋಲಿನ ತಲೆಯಲ್ಲಿ ಭಾರವನ್ನು ತಳಕ್ಕೆ ಇಳಿಸಿರುವುದರಿಂದ ಚೆಂಡು ಎತ್ತರಕ್ಕೇನೋ ಹೋಗುತ್ತದೆ. ಆದರೆ ‘ಹೊಸ ಸೆಟ್ ತಗೊಂಡ ಮೇಲೆ ಎರಡು ನಂಬರ್ ಜಾಸ್ತಿ ಹೋಗ್ತಿದೆ’ ಎಂದು ಹಿಗ್ಗುವ ಮಹಾಶಯರಿಗೆ, ಹೆಚ್ಚು ಹೋಗುತ್ತಿರುವುದು ಚೆಂಡಲ್ಲ, ನಂಬರು ಎಂದು ಯಾರು ಹೇಳಬೇಕು? ಬೆಂಗಳೂರಿನಲ್ಲಿ ಇದಕ್ಕೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕೃಪೆ ಬೇರೆ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಕರಾವಳಿಗಿಂತ ನಾಲ್ಕೈದು ಗಜ ಮುಂದೆಯೇ ಬೀಳುತ್ತದೆ. ಅದನ್ನೂ ಸ್ವಂತ ಸ್ನಾಯುವಿನ ಖಾತೆಗೆ ಜಮಾ ಮಾಡಿಕೊಂಡವರು ಚೆನ್ನೈಗೆ ಹೋಗಿ ಆಡಿ ಬಂದ ಮೇಲೆ ಒಂದು ವಾರ ಆ ಊರಿನ ಸೆಕೆಯನ್ನು ಬಯ್ಯುತ್ತಾರೆ.

ಈಗ ಮುಕ್ಕಾಲು ಬೀಸು ಎಂದರೇನು ಎನ್ನುವುದನ್ನು, ಮಕ್ಕಳು ಮಲಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿಬಿಡುತ್ತೇನೆ. ಕೋಲನ್ನು ಹಿಂದಕ್ಕೆ ಒಯ್ಯುವಾಗ ಎಡತೋಳು ನೆಲಕ್ಕೆ ಸಮಾನಾಂತರವಾಗುವಷ್ಟು, ಹೆಚ್ಚೆಂದರೆ ಕೈ ಭುಜದೆತ್ತರಕ್ಕೆ ಬರುವಷ್ಟು. ಅಲ್ಲಿಗೆ ನಿಲ್ಲಿಸಿ. ಹಿಡಿಕೆಯಲ್ಲಿ ಕೈ ಒಂದಿಂಚು ಕೆಳಗಿರಲಿ. ಒಂದು ನಂಬರು ದೊಡ್ಡ ಕೋಲು ತೆಗೆದುಕೊಳ್ಳಿ, ಅಂದರೆ ಏಳರ ಜಾಗದಲ್ಲಿ ಆರು. ಮೈ ಮಾತ್ರ ತಿರುಗಲೇಬೇಕು. ಬೀಸು ಗಿಡ್ಡ ಮಾಡುವುದೆಂದರೆ ಸೊಂಟ ಎದೆ ಕಟ್ಟಿಹಾಕಿ ಬರೀ ಕೈಯಲ್ಲಿ ಬಡಿಯುವುದಲ್ಲ. ಚೆಂಡಿಗೆ ತಗಲುವಾಗ ಮೈಭಾರ ಎಡಗಾಲಿಗೆ ಬಂದಿರಬೇಕು, ಕೋಲು ಮೊದಲು ಚೆಂಡಿಗೆ, ಆಮೇಲೆ ಹುಲ್ಲಿಗೆ ತಗಲಬೇಕು. ಮುಗಿಸುವಾಗಲೂ ಕೈ ಎದೆಯ ಮಟ್ಟದಲ್ಲಿ ನಿಲ್ಲಲಿ. ಎಡಗೈಯವರು ಇದನ್ನೆಲ್ಲ ಕನ್ನಡಿಯಲ್ಲಿ ಓದಿಕೊಳ್ಳಬೇಕು.

ಲಾಭವೇನು? ಕೋಲಿನ ಮುಖ ಚೆಂಡಿಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಮುಖ ಯಾವ ಕಡೆಗಿತ್ತೋ ಹೆಚ್ಚುಕಡಿಮೆ ಆ ಕಡೆಗೇ ಚೆಂಡು ಹೊರಡುತ್ತದೆ. ಒಂದೇ ಒಂದು ಡಿಗ್ರಿ ಓರೆಯಾದರೆ 150 ಗಜದ ಆಚೆ ಎರಡೂವರೆ ಗಜಕ್ಕೂ ಮಿಕ್ಕಿ ಪಕ್ಕಕ್ಕೆ. ಐದು ಡಿಗ್ರಿ ಓರೆಯಾದರೆ ಹದಿಮೂರು ಗಜ. ಬಂಕರ್ ಕಾಯುತ್ತಿರುವುದು ಅಲ್ಲೇ. ಕೋಲು ಎಷ್ಟು ದೂರ ಹಿಂದಕ್ಕೆ ಅಲೆದಾಡಿತೋ ಅಷ್ಟು ದೂರ ಅದು ಮುಖ ಸರಿಮಾಡಿಕೊಂಡು ಹಿಂದಿರುಗಬೇಕು. ಅಲೆದಾಟ ಕಡಿಮೆಯಾದಷ್ಟೂ ದಾರಿ ತಪ್ಪುವ ಅವಕಾಶ ಕಡಿಮೆ. ಜೊತೆಗೆ ಚೆಂಡು ಕೋಲಿನ ನಟ್ಟನಡುವೆ ತಗಲುವ ಸಾಧ್ಯತೆ ಹೆಚ್ಚು, ತಗ್ಗಾಗಿ ಹೋಗುವುದರಿಂದ ಗಾಳಿಯ ಕಾಟ ಕಡಿಮೆ. ನಿಜವಾದ ಗಾಳಿ, ನಮ್ಮ ಸಾಹೇಬರದಲ್ಲ. ಕಳೆದುಕೊಳ್ಳುವುದು ಹತ್ತು ಗಜ. ಅದನ್ನಾಗಲೇ ಆರನೇ ನಂಬರು ಮರಳಿ ಕೊಟ್ಟಿದೆ.

ಅಪಾಯಗಳೂ ಇವೆ, ಮುಚ್ಚಿಡಬಾರದು. ಗಿಡ್ಡ ಬೀಸು ಎಂದ ಕೂಡಲೇ ಕೆಲವರು ಅವಸರದ ಬೀಸು ಎಂದು ತಿಳಿಯುತ್ತಾರೆ. ಕಳೆದುಕೊಂಡ ಉದ್ದವನ್ನು ವೇಗದಲ್ಲಿ ವಸೂಲಿ ಮಾಡಲು ಹೋಗಿ ಚೆಂಡನ್ನು ಕುಟ್ಟುತ್ತಾರೆ. ಬೀಸು ಗಿಡ್ಡವಾದರೂ ಲಯ ಹಳೆಯದೇ ಇರಬೇಕು. ಒಳ್ಳೆಯ ಆಟಗಾರರು ಹಿಂದಕ್ಕೆ ಒಯ್ಯಲು ಮೂರು ಪಾಲು ಹೊತ್ತು ತೆಗೆದುಕೊಂಡರೆ ಕೆಳಗೆ ತರಲು ಒಂದು ಪಾಲು. ನಮ್ಮಲ್ಲಿ ಸಾಮಾನ್ಯವಾಗಿ ಮೂರು ಪಾಲು ಹೊತ್ತು ಬಾಯಿಗೆ, ಒಂದು ಪಾಲು ಕೈಗೆ. ಇನ್ನು ಕೆಲವರು ಹಿಂದಕ್ಕೆ ಮುಕ್ಕಾಲು ಒಯ್ಯುತ್ತಾರೆ, ಮುಂದಕ್ಕೆ ಬರುವಾಗ ಮನಸ್ಸು ತಡೆಯದೆ ಪೂರ್ತಿ ಬೀಸುತ್ತಾರೆ. ಇವರು ಸಿಹಿ ಬಿಟ್ಟಿದ್ದೇನೆ ಎಂದು ಕಾಫಿಗೆ ಸಕ್ಕರೆ ಬೇಡವೆಂದು ಎರಡು ಮೈಸೂರು ಪಾಕ್ ತಿನ್ನುವ ಜಾತಿ.

ಡ್ರೈವಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡಿ ಕಲಿಯಬಹುದಲ್ಲ ಎನ್ನುತ್ತೀರಿ. ರೇಂಜ್ ಎಂಬುದು ಮುಖಸ್ತುತಿಯ ಕಾರ್ಖಾನೆ. ಅಲ್ಲಿನ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟಿನ ಮೇಲೆ ಚೆಂಡಿಗಿಂತ ಎರಡಿಂಚು ಹಿಂದೆ ಬಡಿದರೂ ಕೋಲು ಜಾರಿಕೊಂಡು ಮುಂದೆ ಹೋಗಿ ಚೆಂಡನ್ನು ಎತ್ತಿಕೊಡುತ್ತದೆ. ಮೈದಾನದ ನಿಜವಾದ ಹುಲ್ಲಿಗೆ ಇಂಥ ಸೌಜನ್ಯ ತಿಳಿಯದು. ಅದು ಕೋಲನ್ನು ಅಲ್ಲೇ ಹಿಡಿದು ನಿಲ್ಲಿಸಿ ಮಣ್ಣಿನ ಹೆಂಟೆಯನ್ನು ಕೈಗೆ ಕೊಟ್ಟು ಕಳಿಸುತ್ತದೆ. ಮ್ಯಾಟಿನ ಮೇಲೆ ಬಕೆಟ್ಟುಗಟ್ಟಲೆ ಚೆಂಡು ಹೊಡೆದವರು ಗ್ರೀನಿನ ಮುಂದಿನ ಹಳ್ಳದಲ್ಲಿ ನಿಂತು ‘ರೇಂಜಿನಲ್ಲಿ ಚೆನ್ನಾಗಿ ಬೀಳ್ತಿತ್ತು’ ಎಂದು ಅಚ್ಚರಿಪಡುವುದು ಈ ಕಾರಣಕ್ಕೆ. ಪಕ್ಕದ ಮ್ಯಾಟಿನವರು ನೋಡುತ್ತಿರುವಾಗ ಮುಕ್ಕಾಲು ಬೀಸುವುದಂತೂ ಹೇಗೆ ಸಾಧ್ಯ? ಆ ಮನುಷ್ಯ ಡ್ರೈವರ್ ಹಿಡಿದು ಬಲೆ ಹರಿಯುವಂತೆ ಹೊಡೆಯುತ್ತಿದ್ದಾನೆ. ಅವನ ಚೆಂಡು ಎಲ್ಲಿಗೆ ಹೋಯಿತೆಂದು ಅವನಿಗೂ ಗೊತ್ತಿಲ್ಲ, ಆದರೆ ಸದ್ದು ಚೆನ್ನಾಗಿತ್ತು.

ಇಷ್ಟಾಗಿಯೂ ಉದ್ದ ಬೀಸಿನ ಪರವಾಗಿ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಅದರಿಂದ ಎಷ್ಟು ಸಂಸಾರ ನಡೆಯುತ್ತಿವೆ ನೋಡಿ. ಕೊಳಕ್ಕಿಳಿದು ಚೆಂಡು ಹೆಕ್ಕಿ, ತೊಳೆದು, ಮತ್ತೆ ಅದೇ ಸಾಹೇಬರಿಗೆ ಮಾರುವವರು. ಸೊಂಟ ಹಿಡಿದುಕೊಂಡವರ ಸೊಂಟ ಬಿಡಿಸುವ ಫಿಸಿಯೋಥೆರಪಿಸ್ಟುಗಳು. ಪ್ರತಿ ವರ್ಷ ‘ಇನ್ನೂ ಹತ್ತು ಗಜ’ ಎಂದು ಹೊಸ ಸೆಟ್ ಬಿಡುವ ಕಂಪನಿಗಳು. ಪ್ರತಿ ಸೆಟ್ಟೂ ಹತ್ತು ಗಜ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಹೈಗ್ರೌಂಡ್ಸಿನಲ್ಲಿ ಹೊಡೆದ ಚೆಂಡು ಹೊಸಕೋಟೆಯಲ್ಲಿ ಬೀಳಬೇಕಿತ್ತು. ಸ್ವಿಂಗಿನ ವೇಗ ಅಳೆಯುವ ಯಂತ್ರ, ಸ್ವಿಂಗ್ ಹೆಚ್ಚಿಸುವ ಭಾರದ ಕೋಲು, ಕತ್ತಲೆ ಕೋಣೆಯ ಸಿಮ್ಯುಲೇಟರ್. ಇವೆಲ್ಲ ನಿಂತಿರುವುದು ಒಬ್ಬ ಮನುಷ್ಯ ತನ್ನ ಕೈಯನ್ನು ಭುಜದ ಮಟ್ಟದಲ್ಲಿ ನಿಲ್ಲಿಸಲಾರ ಎಂಬ ಗಟ್ಟಿ ನಂಬಿಕೆಯ ಮೇಲೆ. ಮುಕ್ಕಾಲು ಬೀಸು ಅಂಗಡಿಯಲ್ಲಿ ಸಿಗದು. ಅದಕ್ಕೆ ಇಎಂಐ ಇಲ್ಲ, ವಾರಂಟಿ ಇಲ್ಲ, ಪೆಟ್ಟಿಗೆ ಬಿಚ್ಚುವ ವಿಡಿಯೊ ಇಲ್ಲ. ಬಿಟ್ಟಿ ಸಿಗುವ ವಸ್ತುವಿನಲ್ಲಿ ಗುಣವಿರಲು ಸಾಧ್ಯವೇ?

ಬೆಂಗಳೂರಿನ ಚಲ್ಲಘಟ್ಟದ ಪಕ್ಕದವರಿಗಂತೂ ಈ ಉದ್ದ ಬೀಸಿನಲ್ಲಿ ಇನ್ನೊಂದು ಸಮಾಧಾನ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಾಯಿತು. ಉಳಿದ ನೀರಿಗೆ ಆಟಗಾರರು ಪ್ರತಿ ವಾರ ಚೆಂಡುಗಳನ್ನು ತಪ್ಪದೆ ಅರ್ಪಿಸುತ್ತಿದ್ದಾರೆ. ಊರಿನ ಕೆರೆಗಳಿಗೆ ಇಷ್ಟು ನಿಯಮಿತವಾಗಿ ಏನನ್ನಾದರೂ ಹಿಂದಿರುಗಿಸುವವರು ಇವರೊಬ್ಬರೇ.

ಆ ಮೈದಾನದ ನಕ್ಷೆ ಬರೆದವರಲ್ಲೇ ಒಂದು ಚೋದ್ಯವಿದೆ. ಅವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ನನ್ನು ಐದು ಸಲ ಗೆದ್ದವರು: 1954, 1955, 1956, 1958, ಮತ್ತೆ 1965. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಬೆನ್ನಿಗೆ ನಿಂತು, ಆ ಮೊದಲ ವರ್ಷವೇ ಗೆದ್ದು, ಮುಂದೆ 1966 ಮತ್ತು 1976ರಲ್ಲೂ ಗೆದ್ದರು. ಅವರ ಸ್ವಿಂಗಿನಲ್ಲಿ ಆಡಂಬರವೇ ಇರಲಿಲ್ಲ. ಕೋಲು ಹಿಂದಕ್ಕೆ ಹೋಯಿತು, ಬಂತು, ಚೆಂಡು ನೆಲ ಬಲ್ಲವನಂತೆ ತಗ್ಗಾಗಿ ಹೋಗಿ ಉರುಳಿ ಬಾವುಟದ ಹತ್ತಿರ ನಿಂತಿತು. ಅಂಥ ಮನುಷ್ಯ ವಿನ್ಯಾಸ ಮಾಡಿದ ಮೈದಾನದಲ್ಲಿ ದಿನಬೆಳಗಾದರೆ ನಡೆಯುವ ಕತ್ತಿವರಸೆಯನ್ನು ನೋಡಲು ಅವರು ಇಂದು ಇಲ್ಲ. ಇರದಿದ್ದದ್ದೇ ಒಳ್ಳೆಯದಾಯಿತು.

ಗಿಡ್ಡ ಬೀಸಿನವರು ಏನನ್ನೂ ಗೆದ್ದಿಲ್ಲ ಎಂಬ ಮಾತು ಕ್ಲಬ್ಬಿನ ಬಾರಿನಲ್ಲಿ ಎರಡನೇ ಪೆಗ್ಗಿನ ಹೊತ್ತಿಗೆ ಬರುತ್ತದೆ. ಆಗ ಸ್ಪೇನಿನ ಜಾನ್ ರಾಮ್ ಅವರ ಹೆಸರು ತೆಗೆಯಿರಿ. ಬಲಪಾದ ತಿರುಚಿಕೊಂಡು ಹುಟ್ಟಿದ ಮಗು. ಚಿಕಿತ್ಸೆಯಾದರೂ ಆ ಕಣಕಾಲು ಪೂರ್ತಿ ಬಾಗುವುದಿಲ್ಲ. ಆದ್ದರಿಂದ ಪೂರ್ತಿ ಬೀಸಿದರೆ ನೆಲೆ ತಪ್ಪುತ್ತದೆಂದು ಗಿಡ್ಡ ಬೀಸನ್ನೇ ಕಟ್ಟಿಕೊಂಡೆ ಎಂದು 2021ರಲ್ಲಿ ಅವರೇ ವಿವರಿಸಿದರು. ಅದೇ ವರ್ಷ ಯು.ಎಸ್. ಓಪನ್ ಗೆದ್ದಿದ್ದರು, 2023ರಲ್ಲಿ ಮಾಸ್ಟರ್ಸ್ ಗೆದ್ದರು. ಟೋನಿ ಫೀನಾವ್ ಆರಡಿ ನಾಲ್ಕಿಂಚಿನ ಆಳು. ಚಿಕ್ಕಂದಿನಲ್ಲಿ ಮನೆಯ ಗ್ಯಾರೇಜಿನಲ್ಲಿ ತೂಗುಹಾಕಿದ ಹಾಸಿಗೆಗೆ ಹೊಡೆದು ಕಲಿತವರು. ಬಲವಿದ್ದೂ ಕೋಲನ್ನು ಅರ್ಧದಾರಿಯಲ್ಲೇ ತಡೆಯುತ್ತಾರೆ. ಅಲೆನ್ ಡಾಯ್ಲ್ ಎಂಬವರು ಇನ್ನೂ ವಿಚಿತ್ರ. ಕಾಲೇಜಿನಲ್ಲಿ ಐಸ್ ಹಾಕಿ ಆಡುತ್ತಿದ್ದವರು, ತಗ್ಗು ಚಾವಣಿಯ ಕೋಣೆಯಲ್ಲಿ ಬೀಸಿ ಬೀಸಿ ಪಳಗಿದ್ದರಿಂದ ಕೋಲು ಸೊಂಟದ ಮೇಲೆ ಏರುವುದೇ ಅಪರೂಪ. ನೋಡಿದವರು ನಗುತ್ತಿದ್ದರು. 46ನೇ ವಯಸ್ಸಿನಲ್ಲಿ ವೃತ್ತಿಪರರಾಗಿ, 2005 ಮತ್ತು 2006ರಲ್ಲಿ ಸತತ ಎರಡು ಸಲ ಯು.ಎಸ್. ಸೀನಿಯರ್ ಓಪನ್ ಗೆದ್ದಾಗ ನಗುವವರ ಪೈಕಿ ಬಹಳಷ್ಟು ಮಂದಿ ಅವರ ಹಿಂದೆ ಇದ್ದರು, ಸ್ಕೋರಿನಲ್ಲಿ.

ಎದುರು ಪಕ್ಷದವರು ಸುಮ್ಮನಿರುವುದಿಲ್ಲ. ‘ಹಾಗಾದರೆ ಡಗ್ ಸ್ಯಾಂಡರ್ಸ್?’ ಎನ್ನುತ್ತಾರೆ. ಟೆಲಿಫೋನ್ ಬೂತಿನೊಳಗೆ ನಿಂತು ಬೀಸಬಲ್ಲ ಎಂದು ಹೆಸರಾದ ಆಟಗಾರ, ಬಣ್ಣಬಣ್ಣದ ಬಟ್ಟೆಯ ಶೋಕಿಲಾಲ. 1970ರ ಬ್ರಿಟಿಷ್ ಓಪನ್, ಸೇಂಟ್ ಆಂಡ್ರೂಸ್, ಕೊನೆಯ ಕುಳಿ. ಮೂರಡಿಗೂ ಕಡಿಮೆ ದೂರದ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಹಾಕಿದ್ದರೆ ಕಪ್ಪು ಅವರದು. ತಪ್ಪಿತು. ಮರುದಿನದ ಪ್ಲೇಆಫ್‌ನಲ್ಲಿ ಜ್ಯಾಕ್ ನಿಕ್ಲಸ್ ಒಂದೇ ಹೊಡೆತದಿಂದ ಗೆದ್ದರು. ಇದರಿಂದ ಗಿಡ್ಡ ಬೀಸು ಕೆಟ್ಟದ್ದು ಎಂದು ಸಾಧಿಸುವವರು ಒಂದನ್ನು ಮರೆಯುತ್ತಾರೆ. ಆ ಕುಳಿಯವರೆಗೆ ಅವರನ್ನು ನಿಕ್ಲಸ್‌ಗಿಂತ ಮುಂದೆ ಇಟ್ಟಿದ್ದು ಅದೇ ಬೀಸು. ತಪ್ಪಿದ್ದು ಪಟ್, ಅದನ್ನು ನಾವೆಲ್ಲ ಯಾವ ಸ್ವಿಂಗಿನಿಂದ ಬೇಕಾದರೂ ತಪ್ಪಿಸಬಲ್ಲೆವು.

ಜಾನ್ ಡೇಲಿಯ ಹೆಸರು ಬಂದಾಗ ಮಾತ್ರ ನಾನು ತಲೆ ಬಾಗಿಸುತ್ತೇನೆ. ಕೋಲು ಬೆನ್ನ ಹಿಂದೆ ನೆಲ ನೋಡುವಷ್ಟು ಬೀಸುತ್ತಿದ್ದ ಮನುಷ್ಯ. 1991ರ ಪಿಜಿಎ ಚಾಂಪಿಯನ್‌ಷಿಪ್ಪಿಗೆ ಒಂಬತ್ತನೇ ಬದಲಿ ಆಟಗಾರನಾಗಿ ಕೊನೇ ಗಳಿಗೆಯಲ್ಲಿ ಬಂದು ಕಪ್ಪು ಹೊತ್ತುಕೊಂಡು ಹೋದರು. 1995ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ನನ್ನೂ ಗೆದ್ದರು. ಉದ್ದ ಬೀಸಿ ಗೆಲ್ಲಲು ಸಾಧ್ಯ ಎನ್ನುವುದಕ್ಕೆ ಇದು ಸಾಕ್ಷಿ, ನಿಜ. ಡೇಲಿಯ ಕೈಗಳು ನಿಮ್ಮಲ್ಲಿದ್ದರೆ ಈ ಲೇಖನವನ್ನು ಇಲ್ಲಿಗೆ ನಿಲ್ಲಿಸಿ, ಹೋಗಿ ಬೀಸಿ. ಡೇಲಿಯ ಹೊಟ್ಟೆ ಮಾತ್ರ ಇದ್ದರೆ ದಯವಿಟ್ಟು ಮುಂದೆ ಓದಿ.

ನಿಜವಾದ ತೊಂದರೆ ಇರುವುದು ಫೋಟೋದಲ್ಲಿ. ಬೆನ್ ಹೋಗನ್ ಅವರ ಒಂದು ಚಿತ್ರ ಜಗತ್ತಿನ ಎಷ್ಟೋ ಕ್ಲಬ್ಬುಗಳ ಗೋಡೆಯಲ್ಲಿದೆ. 1950ರ ಯು.ಎಸ್. ಓಪನ್, ಮೆರಿಯನ್, ಹದಿನೆಂಟನೇ ಕುಳಿ. ಒಂದನೇ ನಂಬರಿನ ಐರನ್ ಹೊಡೆದು, ಕೋಲು ಬೆನ್ನ ಮೇಲೆ ಸುತ್ತಿಕೊಂಡು, ಒಂಟಿಗಾಲಿನ ಮೇಲೆ ಭಾರ ಬಿಟ್ಟು ಗ್ರೀನಿನತ್ತ ನೋಡುತ್ತ ನಿಂತ ಹೋಗನ್, ಹಿಂದಿನಿಂದ. ಛಾಯಾಗ್ರಾಹಕ ಹೈ ಪೆಸ್ಕಿನ್. ಹಿಂದಿನ ವರ್ಷ ಕಾರಿಗೆ ಬಸ್ಸು ಢಿಕ್ಕಿಯಾಗಿ ಮತ್ತೆ ನಡೆಯುವುದೇ ಅನುಮಾನ ಎನ್ನಿಸಿಕೊಂಡಿದ್ದವರು ಆ ಹೊಡೆತದಿಂದ ಪ್ಲೇಆಫ್‌ಗೆ ಬಂದು ಮರುದಿನ ಗೆದ್ದರು. ಗಾಲ್ಫರುಗಳು ಆ ಚಿತ್ರದಿಂದ ಕಲಿತದ್ದು ಒಂದೇ: ಕೊನೆಯ ಭಂಗಿ. ಚೆಂಡು ಕಾಡಿಗೆ ಹೋದರೂ ಭಂಗಿ ಕದಲುವುದಿಲ್ಲ. ಹೆಂಡತಿಯ ಫೋನಿನಲ್ಲಿ ವಿಡಿಯೊ ಓಡುತ್ತಿದೆಯಲ್ಲ, ಅದರಲ್ಲಿ ಚೆಂಡು ಕಾಣುವುದಿಲ್ಲ, ಸಾಹೇಬರು ಕಾಣುತ್ತಾರೆ. ಎದೆಮಟ್ಟದಲ್ಲಿ ನಿಲ್ಲಿಸಿದ ಕೋಲಿಗೆ ಎಷ್ಟು ಲೈಕ್ ಬಂದಾವು? ದಾರಿ ಕೇಳಿದವನಿಗೆ ಕೈ ತೋರಿಸಿದ ಹಾಗೆ ಕಾಣುತ್ತದೆ, ಅಷ್ಟೆ.

ಟೆಲಿವಿಷನ್ನಿನ ಪಾಲೂ ಇದೆ. ಅಲ್ಲಿ ತೋರಿಸುವುದು ಕುಳಿಯ ಪಕ್ಕ ಬಿದ್ದು ಹಿಂದಕ್ಕೆ ಉರುಳುವ ಚೆಂಡುಗಳನ್ನು. ಹಾಗಾಗಿ ವೃತ್ತಿಪರರು 150 ಗಜದಿಂದ ಪ್ರತಿ ಸಲ ನಾಲ್ಕಡಿಗೆ ಬೀಳಿಸುತ್ತಾರೆ ಎಂದು ನಮ್ಮವರ ತಿಳಿವಳಿಕೆ. ಅಮೆರಿಕದ ಪಿಜಿಎ ಟೂರಿನಲ್ಲಿ, ಅಂದರೆ ಭೂಮಿಯ ಮೇಲಿನ ಅತ್ಯುತ್ತಮ ಆಟಗಾರರ ನಡುವೆ, ಅಷ್ಟು ದೂರದಿಂದ ಹೊಡೆದ ಚೆಂಡು ಕುಳಿಯಿಂದ ಸರಾಸರಿ ಇಪ್ಪತ್ತೈದು ಮೂವತ್ತು ಅಡಿ ದೂರದಲ್ಲಿ ನಿಲ್ಲುತ್ತದೆ. ಬದುಕನ್ನೇ ಇದಕ್ಕೆ ಮುಡಿಪಾಗಿಟ್ಟವರ ಲೆಕ್ಕ ಇದು. ವಾರಕ್ಕೊಮ್ಮೆ, ಅದೂ ಶನಿವಾರ ರಾತ್ರಿಯ ಪಾರ್ಟಿ ಇಳಿಯುವ ಮೊದಲೇ ಬರುವವರು ಬಾವುಟಕ್ಕೇ ಗುರಿಯಿಟ್ಟು, ಜೀವನದಲ್ಲಿ ಒಮ್ಮೆ ಹಿಂಗಾಳಿ ಬೀಸಿದಾಗ ಹೋದ ದೂರವನ್ನೇ ತಮ್ಮ ನಿತ್ಯದ ದೂರವೆಂದು ನಂಬಿ ಕೋಲು ಆರಿಸುತ್ತಾರೆ. ಹವ್ಯಾಸಿಗಳ ಚೆಂಡು ಗ್ರೀನಿನ ಆಚೆಗಿಂತ ಈಚೆಗೇ ಹೆಚ್ಚು ಬೀಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಬಂಕರ್ ತೋಡುವವರಿಗೂ ಇದು ಗೊತ್ತಿದೆ. ಗ್ರೀನಿನ ಹಿಂದೆ ತೋಡಿದ್ದಕ್ಕಿಂತ ಮುಂದೆ ತೋಡಿದ್ದೇ ಜಾಸ್ತಿ.

ದೂರವಿಲ್ಲದವರು ಏನು ಮಾಡಬಲ್ಲರು ಎನ್ನುವುದಕ್ಕೆ ಬೇರೆ ದೇಶಕ್ಕೆ ಹೋಗಬೇಕಿಲ್ಲ. 2021ರ ಆಗಸ್ಟ್ ತಿಂಗಳ ಮೊದಲ ವಾರ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಬೆಳಗಿನ ಜಾವ ಟಿವಿ ಹತ್ತಿದ್ದವು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಪದಕದ ಹೊಸ್ತಿಲಲ್ಲಿ ನಿಂತಿದ್ದರು. ಕೆಲವೇ ತಿಂಗಳ ಹಿಂದೆ ಕೋವಿಡ್‌ನಿಂದ ಸೊರಗಿದ್ದರು, ಮೊದಲೇ ಹೆಚ್ಚಿಲ್ಲದ ದೂರ ಇನ್ನೂ ಕಡಿಮೆಯಾಗಿತ್ತು. 60 ಮಂದಿಯ ಕಣದಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು. ಜೊತೆಯಲ್ಲಿ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರ ಚೆಂಡು ಎಷ್ಟೋ ಮುಂದೆ ಬಿದ್ದಿರುತ್ತಿತ್ತು, ಅದಿತಿ ಪ್ರತಿ ಸಲ ಮೊದಲು ಹೊಡೆಯಬೇಕಿತ್ತು, ಅದೂ ಉದ್ದದ ಕೋಲಿನಿಂದ. ಅದಕ್ಕಾಗಿ ಅವರು ನಾಚಿಕೊಂಡದ್ದನ್ನು ಯಾರೂ ನೋಡಲಿಲ್ಲ. ನಾಲ್ಕು ದಿನದ ಕೊನೆಗೆ ಕೋರ್ಡಾ 267, ಕಂಚು ಗೆದ್ದ ಲಿಡಿಯಾ ಕೋ 268, ಅದಿತಿ 269. ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಆ ವಾರ ನಮ್ಮ ಸಾಹೇಬರುಗಳು ಬಹಳ ಹೆಮ್ಮೆಪಟ್ಟರು, ಎಲ್ಲರಿಗೂ ಫಾರ್ವರ್ಡ್ ಮಾಡಿದರು, ‘ನಮ್ಮ ಹುಡುಗಿ’ ಎಂದರು. ಭಾನುವಾರ ಮೈದಾನಕ್ಕೆ ಬಂದು, 150 ಗಜಕ್ಕೆ ಎಂಟನೇ ನಂಬರು ತೆಗೆದರು.

ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಊರಿನಲ್ಲಿ ಕೋಲು ಬದಲಾಗಿದೆ, ಚೆಂಡು ಬದಲಾಗಿದೆ, ಸಾಹೇಬರ ಬಣ್ಣ ಬದಲಾಗಿದೆ. ಕುಳಿಯ ಅಗಲ ಮಾತ್ರ 1891ರಲ್ಲಿ ಗೊತ್ತುಮಾಡಿದ ನಾಲ್ಕೂಕಾಲು ಇಂಚಿನಲ್ಲೇ ಉಳಿದಿದೆ. ಸ್ಕೋರ್ ಕಾರ್ಡೂ ಹಾಗೆಯೇ ಇದೆ. ಒಂದು ಕುಳಿಗೆ ಒಂದು ಚೌಕ, ಅದರಲ್ಲಿ ಎಷ್ಟು ಹೊಡೆತ ಎಂದು ಬರೆಯಲಷ್ಟೇ ಜಾಗ. ಯಾವ ನಂಬರಿನ ಕೋಲಿನಿಂದ ಹೊಡೆದಿರಿ ಎಂದು ಕೇಳುವ ಚೌಕ ಅದರಲ್ಲಿ ಇಲ್ಲ.